ಎಂಜಿನ್ ಒಂದೋ ಎರಡೋ? ಸರ್ ಹೆನ್ರಿ ಸೀಗ್ರೇವ್ ಅವರ ಬದುಕು



ನಮ್ಮ ವ್ಯಕ್ತಿ ಪರಿಚಯದ ಅಂಕಣದಲ್ಲಿ ಹೆಚ್ಚಾಗಿ ಶರಣರು, ಕವಿಗಳು, ಗಡಿನಾಡಿನ ಹಿರಿಯರು ಬರುತ್ತಾರೆ. ಈ ಸಲ ದೂರದ ದೇಶದ ಒಬ್ಬರನ್ನು ಪರಿಚಯಿಸುತ್ತಿದ್ದೇವೆ. ಅದಕ್ಕೊಂದು ಕಾರಣವಿದೆ. ನಮ್ಮ ಕೂಟಗಳಲ್ಲಿ ಸಾಹಿತ್ಯದ ಮಾತು ಮುಗಿದ ಮೇಲೆ ಚಹಾ ಕುಡಿಯುತ್ತ ಹೊಲದ ಮಾತು ಶುರುವಾಗುವುದು ರೂಢಿ. ಬಾವಿಗೆ 10 ಹೆಚ್‌ಪಿಯ ಒಂದೇ ಮೋಟರ್ ಇಳಿಸಬೇಕೋ, 5 ಹೆಚ್‌ಪಿಯ ಎರಡು ಇಳಿಸಬೇಕೋ ಎಂಬ ಚರ್ಚೆ ಹಲವು ಸಲ ನಡೆದಿದೆ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಮಾಂಜರಾ, ತೇರಣಾ ನದಿಗಳು ಉಕ್ಕಿ ಹರಿದು, ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ನೀರಿನ ನಡುವೆ ಸಿಕ್ಕಿಕೊಂಡ ಜನರನ್ನು ದೋಣಿ, ಹೆಲಿಕಾಪ್ಟರ್‌ಗಳಿಂದ ಹೊರಗೆ ತಂದರು. ಆ ದಿನಗಳ ನೆನಪು ಬಂದಾಗಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಏಳುತ್ತದೆ. ನಡುನೀರಿನಲ್ಲಿ ದೋಣಿಯ ಎಂಜಿನ್ ನಿಂತರೆ ಗತಿಯೇನು? ಎರಡಿದ್ದರೆ ವಾಸಿಯಲ್ಲವೇ?

ಈ ಪ್ರಶ್ನೆಯನ್ನು ಜೀವಮಾನವಿಡೀ ಎದುರಿಸಿದವರು ಹೆನ್ರಿ ಸೀಗ್ರೇವ್. ನೆಲದ ಮೇಲೆ, ನೀರಿನ ಮೇಲೆ, ಗಾಳಿಯಲ್ಲಿ, ಮೂರು ಕಡೆಯೂ ಒಂದು ಎಂಜಿನ್ ಎರಡು ಎಂಜಿನ್‌ಗಳ ಲೆಕ್ಕ ಅವರ ಬೆನ್ನು ಹತ್ತಿತ್ತು. ಕೊನೆಗೆ ಎರಡು ಎಂಜಿನ್‌ಗಳ ಒಂದು ದೋಣಿಯಲ್ಲಿಯೇ ಅವರಿಗೆ ಸಾವಿನ ಪೆಟ್ಟು ಬಿತ್ತು. ಅವರ ಬದುಕನ್ನು ತಿಳಿದರೆ ನಮ್ಮ ಬಾವಿಕಟ್ಟೆಯ ಪ್ರಶ್ನೆಗೂ ಸ್ವಲ್ಪ ಬೆಳಕು ಸಿಗುತ್ತದೆ ಎಂದು ನಾವು ನಂಬಿದ್ದೇವೆ.

ಬಾಲ್ಯ ಮತ್ತು ಯುದ್ಧ

ಸೀಗ್ರೇವ್ ಹುಟ್ಟಿದ್ದು 1896ರ ಸೆಪ್ಟೆಂಬರ್ 22ರಂದು, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ತಂದೆ ಐರ್ಲೆಂಡಿನವರು, ತಾಯಿ ಅಮೆರಿಕದವರು. ಬೆಳೆದದ್ದು ಐರ್ಲೆಂಡಿನಲ್ಲಿ, ಓದಿದ್ದು ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ. ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಬೆಳೆದು, ಮೂರನೆಯದರಲ್ಲಿ ಹೆಸರು ಮಾಡಿದವರು ಎಂದರೆ ಗಡಿನಾಡಿನ ನಮಗೆ ಅರ್ಥವಾಗುವ ಬದುಕೇ ಸರಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅವರಿನ್ನೂ 18 ತುಂಬುತ್ತಿದ್ದ ಹುಡುಗ. ಸೈನ್ಯ ಸೇರಿದರು, ಮರುವರ್ಷವೇ ಗಾಯಗೊಂಡರು. ವಾಸಿಯಾದ ಮೇಲೆ ವಿಮಾನ ದಳಕ್ಕೆ ಹೋದರು, ಅಲ್ಲಿ ವಿಮಾನ ಉರುಳಿ ಮತ್ತೆ ಗಾಯಗೊಂಡರು. 1917ರಲ್ಲಿ ನಟಿ ಡೋರಿಸ್ ಸ್ಟಾಕರ್ ಅವರನ್ನು ಮದುವೆಯಾದರು. ಯುದ್ಧ ಮುಗಿದಾಗ ಅವರ ಕೈಯಲ್ಲಿ ಉಳಿದದ್ದು ಎಂಜಿನ್‌ಗಳ ಪರಿಚಯ ಮತ್ತು ವೇಗದ ಹಂಬಲ.

1920ರಿಂದ ಮೋಟಾರು ಪಂದ್ಯಗಳಿಗೆ ಇಳಿದರು. ಸನ್‌ಬೀಮ್ ಕಂಪನಿಯ ತಂಡ ಸೇರಿ, 1923ರಲ್ಲಿ ಫ್ರಾನ್ಸಿನ ಟೂರ್ ಊರಿನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿ ಗೆದ್ದರು. ಬ್ರಿಟನ್ನಿನ ಚಾಲಕನೊಬ್ಬ ಬ್ರಿಟನ್ನಿನಲ್ಲೇ ತಯಾರಾದ ಕಾರಿನಲ್ಲಿ ಗ್ರ್ಯಾನ್ ಪ್ರಿ ಗೆದ್ದದ್ದು ಅದೇ ಮೊದಲು.

ನೆಲದ ಮೇಲೆ ಎರಡರಿಂದ ಒಂದಕ್ಕೆ

ಪಂದ್ಯಕ್ಕಿಂತ ದಾಖಲೆಯ ಕಡೆಗೆ ಅವರ ಮನಸ್ಸು ಹೊರಳಿತು. 1926ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್ ಮರಳಿನ ಮೇಲೆ ಗಂಟೆಗೆ ಸುಮಾರು 245 ಕಿ.ಮೀ. ವೇಗದಲ್ಲಿ ಕಾರು ಓಡಿಸಿ ಅವರು ವಿಶ್ವ ದಾಖಲೆ ಮಾಡಿದರು. ಮುಂದಿನ ಗುರಿ ಗಂಟೆಗೆ 200 ಮೈಲಿ, ಅಂದರೆ ಸುಮಾರು 322 ಕಿ.ಮೀ. ಅಷ್ಟು ವೇಗಕ್ಕೆ ಬೇಕಾದ ಶಕ್ತಿ ಕೈಯಲ್ಲಿದ್ದ ಯಾವ ಒಂದು ಎಂಜಿನ್‌ನಲ್ಲೂ ಇರಲಿಲ್ಲ. ಆಗ ಸನ್‌ಬೀಮ್‌ನವರು ಒಂದು ಉಪಾಯ ಮಾಡಿದರು. ವಿಮಾನಕ್ಕೆಂದು ಮಾಡಿದ್ದ, ಒಂದೊಂದೂ 12 ಸಿಲಿಂಡರಿನ ಎರಡು ಎಂಜಿನ್ ತಂದು, ಚಾಲಕನ ಮುಂದೆ ಒಂದು, ಹಿಂದೆ ಒಂದು ಇಟ್ಟರು.

ಎರಡು ಎಂಜಿನ್ ಇಡುವುದೇನೋ ಸುಲಭ, ಅವೆರಡನ್ನೂ ಒಟ್ಟಿಗೆ ದುಡಿಸುವುದು ಕಷ್ಟ. ಎತ್ತಿನ ಜೋಡಿ ಕಟ್ಟಿದವರಿಗೆ ಇದು ಗೊತ್ತು. ಒಂದು ಎತ್ತು ಮುಂದೆ ಹೋಗಿ ಒಂದು ಹಿಂದೆ ಉಳಿದರೆ ನೊಗ ಮುರಿಯುತ್ತದೆ. ಆ ಕಾರಿನಲ್ಲಿ ಮೊದಲು ಹಿಂದಿನ ಎಂಜಿನ್ ಶುರು ಮಾಡಿ, ಅದರ ಬಲದಿಂದ ಮುಂದಿನದನ್ನು ತಿರುಗಿಸಿ, ಎರಡರ ಸುತ್ತು ಸಮನಾದ ಮೇಲೆ ಅವನ್ನು ಒಂದಕ್ಕೊಂದು ಬಿಗಿಯಾಗಿ ಕಚ್ಚಿಸುತ್ತಿದ್ದರು. 1927ರ ಮಾರ್ಚ್ 29ರಂದು ಅಮೆರಿಕದ ಡೇಟೋನಾ ಕಡಲತೀರದಲ್ಲಿ ಸೀಗ್ರೇವ್ ಈ ಕಾರನ್ನು ಗಂಟೆಗೆ 203.79 ಮೈಲಿ, ಅಂದರೆ ಸುಮಾರು 328 ಕಿ.ಮೀ. ವೇಗದಲ್ಲಿ ಓಡಿಸಿದರು. 200 ಮೈಲಿಯ ಗೆರೆ ದಾಟಿದ ಮೊದಲ ಮನುಷ್ಯ ಅವರೇ.

ಎರಡು ವರ್ಷದ ನಂತರ ಅದೇ ಡೇಟೋನಾಕ್ಕೆ ಅವರು ಬೇರೆ ಕಾರು ತಂದರು. ಅದರ ಹೆಸರು ಗೋಲ್ಡನ್ ಆ್ಯರೋ. ಅದರಲ್ಲಿ ಇದ್ದದ್ದು ಒಂದೇ ಎಂಜಿನ್, ಸುಮಾರು 930 ಹೆಚ್‌ಪಿಯ ನೇಪಿಯರ್ ಲಯನ್. ಎರಡು ಎಂಜಿನ್‌ಗಳ ಹಳೆಯ ಕಾರಿನಷ್ಟೇ ಹೆಚ್ಚುಕಡಿಮೆ ಶಕ್ತಿ, ಆದರೆ ತಗ್ಗಾದ, ಬಾಣದಂತೆ ಚೂಪಾದ ಮೈ. 1929ರ ಮಾರ್ಚ್ 11ರಂದು ಅದು ಗಂಟೆಗೆ 231.45 ಮೈಲಿ, ಸುಮಾರು 372 ಕಿ.ಮೀ. ಓಡಿತು. ಒಂದು ಎಂಜಿನ್ ಎರಡನ್ನು ಹಿಂದಿಕ್ಕಿತು. ಗಾಳಿಯನ್ನು ಸೀಳುವ ಆಕಾರವೂ ಅರ್ಧ ಎಂಜಿನ್‌ನಷ್ಟು ಬೆಲೆ ಬಾಳುತ್ತದೆ ಎಂಬುದು ಅಲ್ಲಿ ಕಂಡಿತು. ಈ ಎರಡೂ ಕಾರುಗಳು ಇಂದು ಇಂಗ್ಲೆಂಡಿನ ಬ್ಯೂಲಿ ಊರಿನ ಮೋಟಾರು ವಸ್ತುಸಂಗ್ರಹಾಲಯದಲ್ಲಿವೆ.

ಇದಾದ ಎರಡೇ ದಿನಕ್ಕೆ, ಮಾರ್ಚ್ 13ರಂದು, ಅದೇ ಮರಳಿನ ಮೇಲೆ ಇನ್ನೊಂದು ಕಾರು ಸೀಗ್ರೇವ್ ಅವರ ದಾಖಲೆ ಮುರಿಯಲು ಹೊರಟಿತು. ಅದರ ಹೆಸರು ಟ್ರಿಪ್ಲೆಕ್ಸ್. ಅದರಲ್ಲಿ ಮೂರು ವಿಮಾನ ಎಂಜಿನ್ ಇದ್ದವು. ಚಾಲಕ ಲೀ ಬೈಬಲ್ ಅವರಿಗೆ ಇಂಥ ಓಟದ ಅನುಭವವಿರಲಿಲ್ಲ. ಕಾರು ಹಿಡಿತ ತಪ್ಪಿ ಉರುಳಿತು. ಬೈಬಲ್ ತೀರಿಕೊಂಡರು, ಚಿತ್ರ ತೆಗೆಯಲು ನಿಂತಿದ್ದ ಛಾಯಾಗ್ರಾಹಕನೂ ಸತ್ತರು. ಎಂಜಿನ್ ಪೇರಿಸುತ್ತ ಹೋದರೆ ಶಕ್ತಿ ಸಿಗುತ್ತದೆ, ಹಿಡಿತ ಸಿಗುವುದಿಲ್ಲ ಎಂಬ ಮಾತು ಆ ದಿನ ಬಲು ಕ್ರೂರವಾಗಿ ಸಾಬೀತಾಯಿತು. ಸೀಗ್ರೇವ್ ಮತ್ತೆ ನೆಲದ ದಾಖಲೆಗೆ ಇಳಿಯಲಿಲ್ಲ.

ನೀರಿನ ಮೇಲೆ ಒಂದರಿಂದ ಎರಡಕ್ಕೆ

ಆಗ ವೇಗದ ದೋಣಿಗಳ ಲೋಕದಲ್ಲಿ ಅಮೆರಿಕದ ಗಾರ್ ವುಡ್ ಅವರದೇ ರಾಜ್ಯ. ಇಂದು ನಮ್ಮ ರಸ್ತೆಗಳಲ್ಲಿ ಮಣ್ಣು, ಕಂಕರ್ ಸುರಿಯುವ ಟಿಪ್ಪರ್‌ಗಳನ್ನು ನೋಡುತ್ತೇವಲ್ಲ, ಲಾರಿಯ ತೊಟ್ಟಿಯನ್ನು ಎಣ್ಣೆಯ ಒತ್ತಡದಿಂದ ಎತ್ತುವ ಅಂಥ ಯಂತ್ರದಿಂದ ಹಣ ಗಳಿಸಿದವರು ಅವರು. ಆ ಹಣವನ್ನೆಲ್ಲ ದೋಣಿಗೆ ಸುರಿದರು. ಅವರ ಮಿಸ್ ಅಮೆರಿಕ ಎಂಬ ದೋಣಿಗಳಲ್ಲಿ ಎರಡು ಪ್ಯಾಕರ್ಡ್ ವಿಮಾನ ಎಂಜಿನ್ ಇರುತ್ತಿದ್ದವು. 1928ರಲ್ಲಿ ಅವುಗಳಲ್ಲೊಂದು ಗಂಟೆಗೆ ಸುಮಾರು 150 ಕಿ.ಮೀ. ಮುಟ್ಟಿತ್ತು.

ಸೀಗ್ರೇವ್ ತಮ್ಮ ಪಾಲಿಗೆ ಕಟ್ಟಿಸಿಕೊಂಡ ದೋಣಿ ಮಿಸ್ ಇಂಗ್ಲೆಂಡ್ ಚಿಕ್ಕದು, ಹಗುರಾದದ್ದು. ಉದ್ದ 26 ಅಡಿ. ಎಂಜಿನ್ ಒಂದೇ, ಗೋಲ್ಡನ್ ಆ್ಯರೋ ಕಾರಿನ ಜಾತಿಯದೇ ಆದ ನೇಪಿಯರ್ ಲಯನ್. 1929ರ ಅದೇ ಪ್ರವಾಸದಲ್ಲಿ ಮಯಾಮಿಯಲ್ಲಿ ಇಬ್ಬರೂ ಎದುರಾದರು. ಬರೀ ವೇಗದಲ್ಲಿ ವುಡ್ ಅವರ ಎರಡು ಎಂಜಿನ್‌ಗಳ ದೋಣಿಯೇ ಮೇಲು. ಆದರೆ ಮೊದಲ ಸುತ್ತಿನಲ್ಲಿ ಅದರ ಚುಕ್ಕಾಣಿ ಕೈಕೊಟ್ಟಿತು. ಒಟ್ಟು ಅಂಕಗಳ ಲೆಕ್ಕದಲ್ಲಿ ಸೀಗ್ರೇವ್ ಗೆದ್ದರು. ವರ್ಷಗಳಿಂದ ಸೋಲು ಕಾಣದ ವುಡ್ ಅಂದು ಸೋತರು. ದೋಣಿಯಲ್ಲಿ ಎರಡು ಎಂಜಿನ್ ಇದ್ದರೂ ಚುಕ್ಕಾಣಿ ಒಂದೇ. ಅದು ಹೋದರೆ ಎಂಜಿನ್ ಎಷ್ಟಿದ್ದರೇನು? ಸೀಗ್ರೇವ್ ಊರಿಗೆ ಮರಳಿದಾಗ ಸರ್ ಪದವಿ ಕಾದಿತ್ತು.

ಪಂದ್ಯ ಗೆದ್ದರೂ ವಿಶ್ವ ದಾಖಲೆ ಕೈಗೆ ಬಂದಿರಲಿಲ್ಲ. ಸೀಗ್ರೇವ್ ಅವರ ಮುಂದೆ ಈಗ ಎರಡು ದಾರಿಗಳಿದ್ದವು. ಒಂದೇ ಎಂಜಿನ್ ಇಟ್ಟುಕೊಂಡು ದೋಣಿಯ ತಳವನ್ನು ತಿದ್ದುತ್ತ ಹೋಗುವುದು ಒಂದು, ಎಂಜಿನ್ ಜೋಡಿ ಮಾಡಿ ಗಂಟೆಗೆ 100 ಮೈಲಿಯ ಗೆರೆಯನ್ನು ಬಲದಿಂದಲೇ ದಾಟುವುದು ಇನ್ನೊಂದು. ಲಾರ್ಡ್ ವೇಕ್‌ಫೀಲ್ಡ್ ಎಂಬ ಎಣ್ಣೆ ವ್ಯಾಪಾರಿ ಹಣ ಹಾಕಲು ಮುಂದೆ ಬಂದರು. ಎರಡನೆಯ ದಾರಿ ಆಯ್ಕೆಯಾಯಿತು.

ಹೊಸ ದೋಣಿ ಮಿಸ್ ಇಂಗ್ಲೆಂಡ್ 2. ಅದರಲ್ಲಿ ಎರಡು ರೋಲ್ಸ್ ರಾಯ್ಸ್ ಆರ್ ಎಂಜಿನ್. 1929ರ ಷ್ನೈಡರ್ ಟ್ರೋಫಿ ವಿಮಾನ ಪಂದ್ಯ ಗೆದ್ದ ಎಂಜಿನ್ ಅದು. ಒಂದೊಂದರ ಶಕ್ತಿ 1,900 ಹೆಚ್‌ಪಿಯ ಆಸುಪಾಸು, ಒಂದೊಂದರ ತೂಕ ಸುಮಾರು 740 ಕೆ.ಜಿ. ಹಳೆಯ ದೋಣಿಗಿಂತ ಹೊಸದರ ಶಕ್ತಿ ನಾಲ್ಕು ಪಟ್ಟು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ದೋಣಿಯಲ್ಲಿ ಎಂಜಿನ್ ಎರಡಿದ್ದರೂ ನೀರಿನಲ್ಲಿ ತಿರುಗುವ ಪಂಖ ಒಂದೇ. ಎರಡೂ ಎಂಜಿನ್‌ಗಳ ಬಲ ಒಂದೇ ಗೇರ್ ಪೆಟ್ಟಿಗೆಗೆ ಬಂದು, ಒಂದೇ ದಂಡದಿಂದ ಆ ಪಂಖವನ್ನು ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗಿಸುತ್ತಿತ್ತು. ಅಂದರೆ ಇಲ್ಲಿ ಎರಡನೆಯ ಎಂಜಿನ್ ಇದ್ದದ್ದು ಶಕ್ತಿಗಾಗಿ. ಒಂದು ಕೆಟ್ಟರೆ ಇನ್ನೊಂದು ದಡ ಮುಟ್ಟಿಸಲಿ ಎಂಬ ಲೆಕ್ಕ ಅದರ ಹಿಂದೆ ಇರಲಿಲ್ಲ.

ವಿಚಿತ್ರವೆಂದರೆ, ಆ ಇನ್ನೊಂದು ಲೆಕ್ಕವೂ ಸೀಗ್ರೇವ್ ಅವರಿಗೆ ಗೊತ್ತಿತ್ತು. ಅದೇ ವೇಳೆಗೆ ಅವರು ನಾಲ್ಕು ಜನ ಕೂರುವ ಒಂದು ಚಿಕ್ಕ ವಿಮಾನದ ವಿನ್ಯಾಸ ಮಾಡಿದ್ದರು. ಅದಕ್ಕೂ ಎರಡು ಎಂಜಿನ್, ರೆಕ್ಕೆಗೊಂದರಂತೆ. ಎರಡಕ್ಕೂ ಬೇರೆ ಬೇರೆ ಪಂಖ. ಹೀಗೆ ಬೇರೆ ಬೇರೆ ಇಟ್ಟರೆ ಒಂದು ನಿಂತಾಗ ಇನ್ನೊಂದು ಕೈ ಹಿಡಿಯುತ್ತದೆ. ಆ ವಿಮಾನ 1930ರ ಮೇ 28ರಂದು ಮೊದಲ ಸಲ ಹಾರಿತು. ಅವರ ಕೊನೆಯ ದಿನಕ್ಕೆ ಆಗ 16 ದಿನ ಉಳಿದಿತ್ತು.

ವಿಂಡರ್ಮಿಯರ್ ಸರೋವರ

1930ರ ಜೂನ್ 13, ಶುಕ್ರವಾರ. ಇಂಗ್ಲೆಂಡಿನ ವಿಂಡರ್ಮಿಯರ್ ಸರೋವರ. ದೋಣಿಯಲ್ಲಿ ಸೀಗ್ರೇವ್ ಅವರ ಜೊತೆ ಎಂಜಿನ್ ನೋಡಿಕೊಳ್ಳಲು ಇಬ್ಬರಿದ್ದರು. ಒಬ್ಬರು ರೋಲ್ಸ್ ರಾಯ್ಸ್ ಕಂಪನಿಯ ವಿಕ್ಟರ್ ಹ್ಯಾಲಿವೆಲ್, ಇನ್ನೊಬ್ಬರು ಮೆಕ್ಯಾನಿಕ್ ಮೈಕೆಲ್ ವಿಲ್ಕಾಕ್ಸ್.

ದಾಖಲೆಗೆ ಎರಡು ಓಟ ಬೇಕು, ಹೋಗುವಾಗ ಒಂದು, ಬರುವಾಗ ಒಂದು. ಎರಡೂ ಮುಗಿದವು. ಸರಾಸರಿ ಗಂಟೆಗೆ 98.76 ಮೈಲಿ, ಸುಮಾರು 159 ಕಿ.ಮೀ. ವಿಶ್ವ ದಾಖಲೆ ಆಗಿಯೇ ಹೋಗಿತ್ತು. ಆದರೆ 100ಕ್ಕೆ ಒಂದು ಮೈಲಿಗಿಂತ ತುಸು ಹೆಚ್ಚು ಮಾತ್ರ ಬಾಕಿ. ಅವರು ಮೂರನೆಯ ಓಟಕ್ಕೆ ದೋಣಿ ತಿರುಗಿಸಿದರು.

ಆ ಓಟದಲ್ಲಿ ದೋಣಿ ಪಲ್ಟಿಯಾಯಿತು. ನೀರಿನಲ್ಲಿ ತೇಲುತ್ತಿದ್ದ ಮರದ ತುಂಡೊಂದು ತಳಕ್ಕೆ ಬಡಿದದ್ದೇ ಕಾರಣ ಎಂದು ತೀರ್ಮಾನಿಸಿದರು. ಹ್ಯಾಲಿವೆಲ್ ನೀರಿನಲ್ಲೇ ತೀರಿಕೊಂಡರು. ವಿಲ್ಕಾಕ್ಸ್ ಗಾಯಗೊಂಡು ಬದುಕಿದರು. ಸೀಗ್ರೇವ್ ಅವರನ್ನು ಎತ್ತಿ ದಡದ ಮನೆಯೊಂದಕ್ಕೆ ಒಯ್ದರು. ಸ್ವಲ್ಪ ಹೊತ್ತು ಎಚ್ಚರ ಬಂದಾಗ ಅವರು ಮೊದಲು ವಿಚಾರಿಸಿದ್ದು ಜೊತೆಗಾರರ ಕ್ಷೇಮವನ್ನು. ದಾಖಲೆ ಮುರಿದ ಸುದ್ದಿಯನ್ನೂ ಅವರಿಗೆ ತಿಳಿಸಿದರು. ಅಪಘಾತವಾದ ಎರಡೂವರೆ ಗಂಟೆಯೊಳಗೆ ಪ್ರಾಣ ಹೋಯಿತು. ವಯಸ್ಸು 33.

ಅವರ ಅಸ್ಥಿಯನ್ನು ತಂದೆಯೇ ವಿಮಾನದಲ್ಲಿ ಒಯ್ದು ಈಟನ್ ಶಾಲೆಯ ಆಟದ ಬಯಲಿನ ಮೇಲೆ ಬಿಟ್ಟರು. ಪತ್ನಿ ಡೋರಿಸ್ ಗಂಡನ ನೆನಪಿಗೆ ಸೀಗ್ರೇವ್ ಟ್ರೋಫಿಯನ್ನು ಸ್ಥಾಪಿಸಿದರು. ನೆಲ, ನೀರು, ಗಾಳಿ ಯಾವುದರ ಮೇಲಾದರೂ ಧೈರ್ಯದ ಸಾಧನೆ ಮಾಡಿದವರಿಗೆ ಅದನ್ನು ಕೊಡುತ್ತ ಬಂದಿದ್ದಾರೆ.

ಅವರ ನಂತರ ಏನಾಯಿತು

ಒಂದೋ ಎರಡೋ ಎಂಬ ಪ್ರಶ್ನೆ ಸೀಗ್ರೇವ್ ಅವರೊಂದಿಗೆ ಮುಗಿಯಲಿಲ್ಲ. ಮಿಸ್ ಇಂಗ್ಲೆಂಡ್ 2 ದೋಣಿಯನ್ನು ನೀರಿನಿಂದ ಎತ್ತಿ ದುರಸ್ತಿ ಮಾಡಿದರು. 1931ರಲ್ಲಿ ಕೇ ಡಾನ್ ಎಂಬವರು ಅದೇ ದೋಣಿಯಲ್ಲಿ 100 ಮೈಲಿಯ ಗೆರೆ ದಾಟಿದರು. ಮುಂದೆ ಮಿಸ್ ಇಂಗ್ಲೆಂಡ್ 3 ಬಂತು. ಈ ಸಲ ಎರಡು ಎಂಜಿನ್‌ಗೆ ಎರಡು ಪಂಖ. 1932ರ ಜುಲೈನಲ್ಲಿ ಅದು ಸುಮಾರು 193 ಕಿ.ಮೀ. ಮುಟ್ಟಿತು. ಗಾರ್ ವುಡ್ ಸುಮ್ಮನಿರುತ್ತಾರೆಯೇ? ಅದೇ ಸೆಪ್ಟೆಂಬರ್‌ನಲ್ಲಿ ನಾಲ್ಕು ಎಂಜಿನ್ ಇಟ್ಟ ಮಿಸ್ ಅಮೆರಿಕ 10 ತಂದು 124.86 ಮೈಲಿ, ಸುಮಾರು 201 ಕಿ.ಮೀ. ಓಡಿಸಿದರು.

ಆ ದಾಖಲೆ ಐದು ವರ್ಷ ನಿಂತಿತು. ಅದನ್ನು ಮುರಿದದ್ದು ಐದು ಎಂಜಿನ್‌ಗಳ ದೋಣಿಯಲ್ಲ, ಒಂದೇ ಎಂಜಿನ್‌ನ ದೋಣಿ. 1937ರ ಸೆಪ್ಟೆಂಬರ್ 1ರಂದು ಮ್ಯಾಗಿಯೋರೆ ಸರೋವರದಲ್ಲಿ ಸರ್ ಮಾಲ್ಕಮ್ ಕ್ಯಾಂಪ್‌ಬೆಲ್ ತಮ್ಮ ಬ್ಲೂ ಬರ್ಡ್ ದೋಣಿಯನ್ನು 126.32 ಮೈಲಿ, ಸುಮಾರು 203 ಕಿ.ಮೀ. ಓಡಿಸಿದರು. ಅದರಲ್ಲಿದ್ದದ್ದು ಒಂದು ರೋಲ್ಸ್ ರಾಯ್ಸ್ ಆರ್, ಸೀಗ್ರೇವ್ ಅವರ ದೋಣಿಯಲ್ಲಿ ಜೋಡಿಯಾಗಿದ್ದ ಅದೇ ಜಾತಿಯ ಎಂಜಿನ್. 1939ರಲ್ಲಿ ಅವರು ಅದೇ ಜಾತಿಯ ಒಂದು ಎಂಜಿನ್ ಇಟ್ಟು, ದೋಣಿಯ ತಳವನ್ನು ಮಾತ್ರ ಹೊಸದಾಗಿ ಕಟ್ಟಿಸಿದರು. ಓಡುವಾಗ ಆ ದೋಣಿ ಮೂರು ಕಡೆ ಮಾತ್ರ ನೀರನ್ನು ಸವರುತ್ತಿತ್ತು. ವೇಗ 141.74 ಮೈಲಿ, ಸುಮಾರು 228 ಕಿ.ಮೀ.ಗೆ ಏರಿತು.

ಎಂಜಿನ್ ಎರಡು ಮಾಡಿದರೆ ವೇಗ ಎರಡು ಪಟ್ಟಾಗುವುದಿಲ್ಲ. ನೀರಿನ ಎದುರು ಒತ್ತು ವೇಗಕ್ಕಿಂತ ಬೇಗ ಬೇಗ ಏರುತ್ತದೆ. ಸ್ಥೂಲವಾಗಿ ಹೇಳುವುದಾದರೆ ಶಕ್ತಿಯನ್ನು ಎರಡು ಪಟ್ಟು ಮಾಡಿದಾಗ ವೇಗ ಕಾಲು ಭಾಗದಷ್ಟು ಮಾತ್ರ ಹೆಚ್ಚುತ್ತದೆ. ಅದರಲ್ಲೂ ಒಂದು ಪಾಲನ್ನು ಎರಡನೆಯ ಎಂಜಿನ್‌ನ ತೂಕ, ಅದರ ಎಣ್ಣೆಯ ತೂಕ ನುಂಗುತ್ತವೆ. ಬರೀ ವೇಗ ಬೇಕಾದವರಿಗೆ ಒಂದು ಒಳ್ಳೆಯ ಎಂಜಿನ್, ಹಗುರ ಮೈ, ಸರಿಯಾದ ತಳ ಸಾಕಾಗುತ್ತದೆ ಎಂಬುದನ್ನು ಕ್ಯಾಂಪ್‌ಬೆಲ್ ತೋರಿಸಿದರು.

ಹಾಗಾದರೆ ಎರಡು ಎಂಜಿನ್ ಯಾವುದಕ್ಕೆ? ಮರಳಿ ಬರುವುದಕ್ಕೆ. ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ನ್ಯಾಟ್ ಯುದ್ಧವಿಮಾನಕ್ಕೆ ಒಂದು ಆರ್ಫಿಯಸ್ ಎಂಜಿನ್, ಅಲ್ಲೇ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಮರುತ್ ವಿಮಾನಕ್ಕೆ ಅದೇ ಜಾತಿಯ ಎರಡು. ಅಂದುಕೊಂಡಿದ್ದ ಹೆಚ್ಚು ಶಕ್ತಿಯ ಎಂಜಿನ್ ಸಿಗದೆ ಮರುತ್ ನಿರೀಕ್ಷಿಸಿದ ವೇಗ ಮುಟ್ಟಲಿಲ್ಲ. ಆದರೆ 1971ರ ಯುದ್ಧದಲ್ಲಿ ಒಂದು ಎಂಜಿನ್ ಕೆಟ್ಟ ಮೇಲೂ ಇನ್ನೊಂದರ ಬಲದಿಂದ ಮರುತ್‌ಗಳು ನೆಲೆಗೆ ಮರಳಿದ್ದುಂಟು. ವೇಗ ಕೊಡದ ಎರಡನೆಯ ಎಂಜಿನ್ ಜೀವ ಕೊಟ್ಟಿತು.

ನಮ್ಮ ಬಾವಿಕಟ್ಟೆಗೆ ಮರಳಿ

ದೋಣಿಗೂ ಬಾವಿಗೂ ಇದೇ ನ್ಯಾಯ ಎಂದು ನಮಗೆ ತೋರುತ್ತದೆ. ಎರಡನೆಯದನ್ನು ಕೊಳ್ಳುವ ಮೊದಲು ಅದು ಯಾವುದಕ್ಕೆ ಬೇಕು ಎಂದು ಕೇಳಿಕೊಳ್ಳಬೇಕು. ಹೆಚ್ಚು ಬಲಕ್ಕಾದರೆ ಮೊದಲು ಇದ್ದ ಒಂದರ ಸುತ್ತಲಿನದನ್ನು ಸರಿಪಡಿಸಬೇಕು. ದೋಣಿಯಲ್ಲಿ ತಳ, ತೂಕ, ಪಂಖ. ಬಾವಿಯಲ್ಲಿ ಪೈಪಿನ ಅಳತೆ, ಸೋರುವ ಜೋಡಣೆ, ಫುಟ್‌ವಾಲ್. ಕೈಬಿಡದಿರಲಿ ಎಂಬುದಕ್ಕಾದರೆ ಎರಡನ್ನೂ ನಿಜವಾಗಿ ಬೇರೆ ಇಡಬೇಕು. ಎರಡು ಎಂಜಿನ್‌ಗೂ ಒಂದೇ ಟಾಕಿಯಿಂದ ಎಣ್ಣೆ ಬರುತ್ತಿದ್ದರೆ, ಅದರಲ್ಲಿ ನೀರು ಸೇರಿದ ದಿನ ಎರಡೂ ಒಟ್ಟಿಗೆ ನಿಲ್ಲುತ್ತವೆ. ಎರಡು ಮೋಟರ್‌ಗೂ ಒಂದೇ ಡಿಪಿಯಿಂದ ಕರೆಂಟು ಬರುತ್ತಿದ್ದರೆ, ಡಿಪಿ ಸುಟ್ಟ ದಿನ ಎರಡೂ ತಣ್ಣಗಿರುತ್ತವೆ. ಅಂಥ ಎರಡು ಲೆಕ್ಕಕ್ಕೆ ಎರಡು, ಕಷ್ಟಕಾಲಕ್ಕೆ ಒಂದೇ. ಪ್ರವಾಹದ ದೋಣಿಯಲ್ಲಿ ಎಂಜಿನ್ ಒಂದೇ ಇದ್ದರೂ ಜೊತೆಗೆ ಹುಟ್ಟು ಇಟ್ಟುಕೊಳ್ಳುವುದು ಇದಕ್ಕೇ. ಹುಟ್ಟಿಗೆ ಎಣ್ಣೆಯ ಹಂಗಿಲ್ಲ.

ಇನ್ನೊಂದು ಪಾಠವೂ ಇದೆ. ವಿಂಡರ್ಮಿಯರ್‌ನಲ್ಲಿ ಸೀಗ್ರೇವ್ ಅವರನ್ನು ಬಲಿ ತೆಗೆದುಕೊಂಡದ್ದು ಎಂಜಿನ್‌ನ ದೋಷವಲ್ಲ, ನೀರಿನಲ್ಲಿದ್ದ ಒಂದು ಮರದ ತುಂಡು. ಪ್ರವಾಹದ ನೀರಿನಲ್ಲಿ ಅಂಥ ತುಂಡುಗಳು, ಮುಳುಗಿದ ಬೇಲಿ, ತಂತಿ ಎಷ್ಟಿರುತ್ತವೆ ಎಂಬುದನ್ನು ತೇರಣಾ ದಂಡೆಯ ನಮ್ಮ ಬಂಧುಗಳಿಗೆ ಹೇಳಬೇಕಾಗಿಲ್ಲ. ಅಲ್ಲಿ ವೇಗಕ್ಕಿಂತ ಮುಂದೆ ನೋಡುವ ಕಣ್ಣು ದೊಡ್ಡದು.

ಸೀಗ್ರೇವ್ ದುಡುಕಿನ ಮನುಷ್ಯರಾಗಿರಲಿಲ್ಲ. ಪ್ರತಿ ಓಟಕ್ಕೂ ಮೊದಲು ಲೆಕ್ಕ ಹಾಕುತ್ತಿದ್ದರು, ಜೊತೆಗಾರರ ಬಗ್ಗೆ ಕಾಳಜಿಯಿತ್ತು. ಆದರೂ ದಾಖಲೆ ಕೈಗೆ ಬಂದ ಮೇಲೆ ಮೂರನೆಯ ಸಲ ದೋಣಿ ತಿರುಗಿಸಿದರು. ಆ ಒಂದು ತಿರುವಿನಲ್ಲಿ ಹ್ಯಾಲಿವೆಲ್ ಅವರ ಜೀವವೂ ಇತ್ತು. ಅವರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸಾಕು ಎನ್ನುವ ಹೊತ್ತನ್ನು ಗುರುತಿಸುವುದೂ ಧೈರ್ಯವೇ ಎಂದು ನಮ್ಮ ಮಕ್ಕಳಿಗೆ ಈ ಬದುಕನ್ನು ಹೇಳುವಾಗ ಸೇರಿಸಿ ಹೇಳೋಣ.

ಮುಂದಿನ ತಿಂಗಳ ನಮ್ಮ ಕೂಟದಲ್ಲಿ ಈ ಲೇಖನವನ್ನು ಓದಿ ಚರ್ಚಿಸಲಿದ್ದೇವೆ. ಉಮರಗಾ, ನಿಲಂಗಾ, ಉದಗೀರ ಭಾಗದ ಸದಸ್ಯರು ಮಕ್ಕಳೊಂದಿಗೆ ಬರಬೇಕು. ಮೋಟರ್ ರಿವೈಂಡಿಂಗ್, ಟ್ರ್ಯಾಕ್ಟರ್ ದುರಸ್ತಿ ಮಾಡುವ ಬಂಧುಗಳು ಬಂದು ತಮ್ಮ ಅನುಭವ ಹೇಳಿದರೆ ನಮಗೆಲ್ಲ ಹೆಚ್ಚಿನ ಸಂತೋಷ.